ಕಾಟಾ ಕೋಣೆಯ ಹೊಸ ಪಾಸ್‌ವರ್ಡ್

ಮೊದಲ ಕಲ್ಲು ಕಿಟಕಿಯ ಗಾಜು ಒಡೆದುಕೊಂಡು ಬಂದು ಕಂಪ್ಯೂಟರಿನ ಪಕ್ಕಕ್ಕೆ ಬಿತ್ತು. ಎರಡನೆಯದು ಶಿವಕಾಂತಾಳ ಹಣೆಗೆ!

ರಕ್ತ ಹುಬ್ಬಿನ ಮೇಲಿಂದ ಇಳಿದು ಕಣ್ಣಿಗೆ ಸೇರಿತು. ಹೊರಗೆ ತೊಗರಿ ತಂದ ರೈತರು ಬಾಗಿಲು ಒದೆಯುತ್ತಿದ್ದರು.

“ತೂಕದಾಗ ಕಳ್ಳತನ ಮಾಡಾಕತ್ತಾಳ ಇಕಿ. ಹೊರಗ ಎಳೀರಿ.”

ಆಳಂದದಿಂದ ಖಜೂರಿಗೆ ಹೋಗುವ ರಸ್ತೆಯಲ್ಲಿ ಜಗದೇವಪ್ಪನವರದು ಲಾರಿ ತೂಗುವ ಕಾಟಾ. ೧೯೯೮ರಲ್ಲಿ ಆ ರಸ್ತೆಗೆಲ್ಲ ಅಲ್ಲಿದ್ದದ್ದೊಂದೇ ಕಂಪ್ಯೂಟರ್. ಅದರ ಮುಂದೆ ಕೂತು ತೂಕದ ಚೀಟಿ ಕೊಡುವುದು ಶಿವಕಾಂತಾಳ ಕೆಲಸ. ಕೆಲವು ದಿನಗಳಿಂದ ಚೀಟಿಯಲ್ಲಿ ತೂಕ ಕಡಿಮೆ ಬರುತ್ತಿತ್ತು. ಯಾಕೆಂದು ಅವಳಿಗೂ ಗೊತ್ತಿಲ್ಲ... ಆದರೆ ಚೀಟಿ ಕೊಟ್ಟ ಕೈ ಅವಳದೇ ಅಲ್ಲವೇ?

ಬಾಗಿಲು ಮುರಿಯಿತು. ಒಬ್ಬ ಅವಳ ಜಡೆಗೇ ಕೈ ಹಾಕಿದ. ಹಿಂದಿನಿಂದ ಚಾಚಿದ ಇನ್ನೊಂದು ಕೈ ಅವನ ಮುಂಗೈ ಹಿಡಿದು ತಿರುಚಿತು.

“ಬಿಡೋ ಅಕಿನ್ನ. ನಾ ಕಂಪ್ಯೂಟರ್ ಕಂಪನಿಯವ, ಗುಲಬರ್ಗಾದಿಂದ ಬಂದೇನಿ. ಮೊದಲ ಮಷೀನ್ ನೋಡ್ತೇನಿ. ಆಮ್ಯಾಲ ಯಾರಿಗೆ ಹೊಡೀಬೇಕಂತ ನಾನ ಹೇಳ್ತೇನಿ.”

ಅವನ ಹೆಸರು ಭಗವಂತ. ಹೆಸರಿನಲ್ಲಷ್ಟೇ ಭಗವಂತ, ನಾಲಿಗೆ ಮಾತ್ರ ಬಲು ಒರಟು. ಗಾಯಗೊಂಡವಳನ್ನು ‘ನೋವಾಯಿತೇ’ ಎಂದೂ ಕೇಳಲಿಲ್ಲ ಆ ಪುಣ್ಯಾತ್ಮ.

“ನಾ ಕಳಿಸಿದ ಹೊಸಾ ಪ್ರೋಗ್ರಾಮಿನ ಫ್ಲಾಪಿ ಯಾಕ ಹಾಕಿಲ್ರಿ?”

“ಮಾಲಕರು ಬ್ಯಾಡ ಅಂದ್ರು. ನಡ್ಯಾಕತ್ತಿದ್ದನ್ನ ಯಾಕ ಕೆದಕಬೇಕು ಅಂದ್ರು.”

“ನಡ್ಯಾಕತ್ತದ, ಖರೇ. ಯಾರ ಕೈಯಾಗ ನಡ್ಯಾಕತ್ತದ?”

ಶಿವಕಾಂತಾ ಹಣೆಯ ರಕ್ತವನ್ನು ಸೆರಗಿನಿಂದ ಒರೆಸಿಕೊಂಡಳು. ಇವನೂ ನನ್ನನ್ನೇ ಕಳ್ಳಿ ಅಂದುಕೊಂಡಿದ್ದಾನೆ...

ಭಗವಂತ ಪರದೆಯನ್ನು ರೈತರ ಕಡೆ ತಿರುಗಿಸಿದ. ಯಂತ್ರ ಪಾಸ್‌ವರ್ಡ್ ಕೇಳಿತು. ಅವನು ಏನನ್ನೂ ಬರೆಯದೆ ಮೂಲೆಯ ಕೀ ಒಂದನ್ನು ಒತ್ತಿದ. ಅಷ್ಟಕ್ಕೇ ಒಳಗಿನದೆಲ್ಲ ತೆರೆದುಕೊಂಡಿತು!

“ನೋಡ್ರಿ, ಹಳೇ ಪ್ರೋಗ್ರಾಮಿನ ತೂತು ಇದು. ಪಾಸ್‌ವರ್ಡ್ ಇರಲಾರದ ಯಾವನಾರ ಒಳಗ ಹೊಕ್ಕು ತೂಕ ಬದಲಿ ಮಾಡಬಹುದು. ಈ ಹೆಣ್ಮಗಳು ಊಟಕ್ಕ ಎದ್ದಾಗ ಈ ಕುರ್ಚಿಮ್ಯಾಲ ಯಾರು ಕೂಡ್ತಿದ್ರು?”

ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೊಗರಿ ಕೊಳ್ಳುವ ದಲಾಲಿ ಮಲ್ಕಪ್ಪನ ಆಳುಗಳು ಅಲ್ಲಿ ಕೂತು ಹರಟುವುದನ್ನು ನೋಡದವರಿರಲಿಲ್ಲ. ಅಷ್ಟು ಹೊತ್ತು ಗುಂಪಿನ ಹಿಂದೆ ನಿಂತಿದ್ದ ಮಲ್ಕಪ್ಪ ಆಗಲೇ ಜೀಪು ಹತ್ತಿ ಮಾಯವಾಗಿದ್ದ.

ಹೊಸ ಪ್ರೋಗ್ರಾಮ್ ಹಾಕಿದ ಮೇಲೆ ಭಗವಂತ ಎದ್ದು ಗೋಡೆಗೆ ಮುಖ ಮಾಡಿ ನಿಂತ.

“ಪಾಸ್‌ವರ್ಡ್ ನೀವ ಇಡ್ರಿ. ನನಗೂ ಹೇಳಬ್ಯಾಡ್ರಿ. ಯಾರದಾರ ಹೆಸರು ಮಾತ್ರ ಇಡಬ್ಯಾಡ್ರಿ, ಜಲ್ದಿ ಹೊಳೀತದ.”

ಅವಳನ್ನು ನಂಬಿ ಬೆನ್ನು ತಿರುಗಿಸಿ ನಿಂತ ಗಂಡಸನ್ನು ಅವಳು ನೋಡಿದ್ದು ಅದೇ ಮೊದಲು. ಬೆರಳು ತಾವಾಗಿಯೇ ಏನನ್ನೋ ಬರೆದವು. ಆಮೇಲೆ ನಾಚಿಕೆಯಾಯಿತು... ಆದರೂ ಅಳಿಸಲಿಲ್ಲ.

ಅಂದಿನಿಂದ ಅವನು ತಿಂಗಳಿಗೊಮ್ಮೆ ಹೊಸ ಫ್ಲಾಪಿ ಹಿಡಿದು ಬರತೊಡಗಿದ.

“ಮತ್ತ ಹೊಸಾದೇನ್ರಿ ಸರ್?”

“ಕಳ್ಳರು ದಿನಾ ಹೊಸಾ ದಾರಿ ಹುಡಕ್ತಾರ. ನಾವು ಹಳೇ ಬಾಗಲ ಇಟ್ಕೊಂಡು ಕುಂತ್ರ ಹೆಂಗ? ಪಾಸ್‌ವರ್ಡೂ ಬದಲಿ ಮಾಡ್ರಿ.”

“ಅದೊಂದು ಕೇಳಬ್ಯಾಡ್ರಿ.”

ಅವನು ಹೋದ ಮೇಲೆ ನಮ್ಮ ಹುಡುಗಿ ಏನು ಬೇಡಿಕೊಳ್ಳುತ್ತಿದ್ದಳು ಗೊತ್ತೇ? ಪ್ರೋಗ್ರಾಮಿನಲ್ಲಿ ಇನ್ನೊಂದು ತೂತು ಬೇಗ ಸಿಗಲಿ ಅಂತ!

ಮುಂದಿನ ತೊಗರಿ ಸುಗ್ಗಿ ಬಂತು. ಒಂದು ಮಧ್ಯಾಹ್ನ ಭಗವಂತ ಫ್ಲಾಪಿ ಹಾಕುತ್ತಿದ್ದಾಗ ಮಲ್ಕಪ್ಪ ನಾಲ್ಕು ಜನರೊಂದಿಗೆ ನುಗ್ಗಿದ. ಕೈಯಲ್ಲಿ ಕಬ್ಬಿಣದ ರಾಡ್‌ಗಳು.

“ತೂಕ ಮದಲಿನಂಗ ಮಾಡು. ಪಾಸ್‌ವರ್ಡ್ ಹೇಳಲೇ.”

“ನನಗ ಗೊತ್ತಿಲ್ಲ,” ಎಂದ ಭಗವಂತ.

ರಾಡ್ ಅವನ ಭುಜಕ್ಕೆ ಬಿತ್ತು. ನೆಲಕ್ಕುರುಳಿದವನ ಪಕ್ಕೆಗೆ ಒದ್ದರು, ಮುಖಕ್ಕೆ ಒದ್ದರು. ಬಾಯಿಂದ ಹಲ್ಲು, ರಕ್ತ ಒಟ್ಟಿಗೇ ಬಂತು. ‘ಅವಳನ್ನು ಕೇಳಿ’ ಎಂದಿದ್ದರೆ ಅವನನ್ನು ಬಿಡುತ್ತಿದ್ದರು. ಅವನು ಅನ್ನಲಿಲ್ಲ.

ಆದರೆ ಮಲ್ಕಪ್ಪನಿಗೆ ಅವಳ ಮುಖವೇ ಎಲ್ಲ ಹೇಳಿತು. ಕೆನ್ನೆಗೆ ಬಾರಿಸಿದ. ಅವಳ ತುಟಿ ಸೀಳಿತು. ಹೇಳಿದರೆ ಇಡೀ ಸುಗ್ಗಿ ಲೂಟಿ, ಮತ್ತೆ ‘ಕಳ್ಳಿ’ ಎಂಬ ಹೆಸರು... ಅವಳು ಹಲ್ಲು ಕಚ್ಚಿದಳು.

“ಹಂಗೇನು? ಅವನ್ನ ಕಾಟಾದ ಮ್ಯಾಲ ಹಾಕ್ರಿ.”

ಭಗವಂತನನ್ನು ದರದರ ಎಳೆದು ತೂಕದ ಹಲಗೆಯ ಮೇಲೆ ಕೆಡವಿ, ತಲೆಯನ್ನು ಬೂಟಿನಿಂದ ಒತ್ತಿ ಹಿಡಿದರು. ಹೊರಗೆ ನಿಂತಿದ್ದ ಅವರ ಲಾರಿ ಹಿಂದಕ್ಕೆ ಸರಿಯತೊಡಗಿತು. ಗಾಲಿ ಅವನ ಎಡಗೈ ಬೆರಳುಗಳ ಮೇಲೇರಿತು. ಅವನ ಚೀರಾಟ ಕೇಳಿ ಶಿವಕಾಂತಾಳ ಎದೆ ಒಡೆಯಿತು.

“ಭಗವಂತ! ಭಗವಂತ!”

ಮಲ್ಕಪ್ಪ ನಕ್ಕ. “ದೇವ್ರು ಬರಂಗಿಲ್ಲ ಬೇ. ಪಾಸ್‌ವರ್ಡ್ ಹೇಳು.”

“ಅದ... ಅದನ್ನ...”

ಬಾಯಿಯ ಮೇಲೆ ಮತ್ತೆ ಏಟು. ಅವಳಿಗೆ ಮಾತೇ ಬರಲಿಲ್ಲ. ಕೈಗೆ ಸಿಕ್ಕಿದ್ದು ಹಮಾಲರು ಚೀಲ ಎತ್ತುವ ಕೊಕ್ಕೆ. ಅದನ್ನು ಮಲ್ಕಪ್ಪನ ತೊಡೆಗೆ ಬಲವಾಗಿ ಹೊಡೆದು ಎಳೆದಳು. ಅವನು ಹಂದಿಯಂತೆ ಅರಚಿದ. ಅವಳು ರಕ್ತ ಸುರಿಯುವ ಕೊಕ್ಕೆ ಹಿಡಿದು ಲಾರಿಯತ್ತ ಓಡಿಬಂದದ್ದನ್ನು ಕಂಡ ಚಾಲಕ ಗಾಡಿ ನಿಲ್ಲಿಸಿ ಜಿಗಿದು ಓಡಿದ. ಅಷ್ಟರಲ್ಲಿ ರೈತರು ಬಂದರು. ಹಿಂದೆ ಅವಳ ಜಡೆ ಎಳೆದಿದ್ದವನೇ ಮಲ್ಕಪ್ಪನಿಗೆ ಮೊದಲ ಬಡಿಗೆ ಏಟು ಕೊಟ್ಟ. ಪೊಲೀಸರು ಬರುವವರೆಗೂ ಆ ಬಡಿಗೆಗಳು ನಿಲ್ಲಲಿಲ್ಲ.

ಆಳಂದದ ಆಸ್ಪತ್ರೆಯಲ್ಲಿ ಭಗವಂತನ ಎರಡು ಬೆರಳು ತೆಗೆದರು. ನೋಡಲು ಬಂದವರ ಮುಂದೆಲ್ಲ ಜಗದೇವಪ್ಪನವರದು ಒಂದೇ ಮಾತು.

“ಎದುರಿಗೆ ಹೆಣ ಬೀಳೂವಂಗಿದ್ರೂ ಪಾಸ್‌ವರ್ಡ್ ಬಿಡಲಿಲ್ರಿ ನಮ್ಮ ಶಿವಕಾಂತಾ. ಶಾಬ್ಬಾಸ್.”

ಅದನ್ನು ಕೇಳಿದಾಗಲೆಲ್ಲ ಭಗವಂತ ಗೋಡೆಯ ಕಡೆ ತಿರುಗುತ್ತಿದ್ದ. ಅವಳು ಗಂಜಿ ತಂದರೆ ‘ಅಲ್ಲಿಡ್ರಿ’ ಎನ್ನುವುದೊಂದೇ. ಕಡೆಗೊಂದು ಬೆಳಿಗ್ಗೆ ಅವಳೇ ಕೇಳಿದಳು.

“ಸಿಟ್ಟೇನ್ರಿ ನನ್ನ ಮ್ಯಾಲ?”

“ಸಿಟ್ಟಲ್ಲ.” ಅವನು ಗೋಡೆ ನೋಡುತ್ತಲೇ ಹೇಳಿದ. “ನೀವು ಮಾಡಿದ್ದು ಬರೋಬ್ಬರಿ ಅದ. ಆದ್ರ... ಆ ಗಾಲಿ ಕೆಳಗ ನೀವಿದ್ದು, ಪಾಸ್‌ವರ್ಡ್ ನನಗ ಗೊತ್ತಿದ್ದಿದ್ರ, ಹೇಳಿಬಿಡ್ತಿದ್ದೆ. ಅಷ್ಟ.”

ಶಿವಕಾಂತಾಳ ಕಣ್ಣು ತುಂಬಿತು.

“ನಾ ಹೇಳಿದ್ದೆ.”

“ಏನು?”

“ಪಾಸ್‌ವರ್ಡ್. ಒದರಿ ಒದರಿ ಹೇಳಿದ್ದೆ. ಆ ಮಲ್ಕಪ್ಪಗ ತಿಳೀಲಿಲ್ಲ... ನಿಮಗೂ ತಿಳೀಲಿಲ್ಲ.”

“ಒದರಿದ್ದು ದೇವರಿಗೆ ಅಲ್ಲೇನ್ರಿ? ನೀವು ನನ್ನ ಯಾವತ್ತೂ ಸರ್ ಅಂತೀರಿ...”

ಅವನು ಮೆಲ್ಲಗೆ ಗೋಡೆಯಿಂದ ಅವಳತ್ತ ಹೊರಳಿದ. ಪಟ್ಟಿ ಕಟ್ಟಿದ ಮುಖದಲ್ಲಿ ಕಣ್ಣುಗಳೆರಡೇ ಕಾಣುತ್ತಿದ್ದವು. ಅವು ಒದ್ದೆಯಾಗಿದ್ದವು.

“ಹೆಸರು ಇಡಬ್ಯಾಡ್ರಿ, ಜಲ್ದಿ ಹೊಳೀತದ ಅಂತ ಹೇಳಿದ್ದೆ.”

“ವರ್ಷ ಆತು. ನಿಮಗ ಹೊಳದಿಲ್ಲ.”

“ಈಗರೆ ಬದಲಿ ಮಾಡ್ತೀರೇನು?”

“ಮಷೀನಿಂದು ನಾಳೇನ ಮಾಡ್ತೇನಿ.”

ಅವನು ಒಳ್ಳೆಯ ಕೈಯನ್ನು ಚಾಚಿದ. ಅವಳು ಹಿಡಿದುಕೊಂಡಳು.

“ಇನ್ನೊಮ್ಮೆ ಹೇಳ್ರಿ ಆ ಹೆಸರು. ಸಾವಕಾಶ.”

“ಇನ್ನ ಹೇಳಾಕ ಬರಂಗಿಲ್ಲ.”

“ಯಾಕ?”

ಶಿವಕಾಂತಾ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ನಮ್ಮ ಕಡೆ ಗಂಡನ ಹೆಸರು ಬಾಯಿಲೆ ತಗೋತಾರೇನ್ರಿ?”