ಊಳಿಡುವ ಜೀಪು

ಮೂರು ಸಲ ಕರೆದರೂ ಆ ಮನುಷ್ಯ ತಿರುಗಿ ನೋಡಲಿಲ್ಲ.

ಕೆಜಿಎಫ್‌ನ ಊರಿಗಾಂ ಸ್ಟೇಷನ್ ರಸ್ತೆಯ ತಗಡಿನ ಗ್ಯಾರೇಜು. ಲಾರಿಯ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನು ನಟ್ಟು ಬಿಗಿಯುತ್ತಿದ್ದ. ಶಶಿರೇಖ ಅವನ ಎಡಗಡೆ ನಿಂತು "ಸ್ವಲ್ಪ ನೋಡ್ತೀರಾ" ಎಂದಳು, "ರೀ, ನಿಮ್ಮನ್ನೇ" ಎಂದಳು, ಕೊನೆಗೆ ಹೋಗಿ ಜೀಪಿನ ಹಾರ್ನ್ ಒತ್ತಿದಳು. ಆಗ ಎದ್ದು, ಕೈ ಒರೆಸಿಕೊಳ್ಳುತ್ತಾ ನಕ್ಕ.

"ಬನ್ನಿ ಮೇಡಂ. ಯಾವಾಗ ಬಂದ್ರಿ?"

"ನಿನ್ನೆ ಬಂದೆ," ಎಂದಳು ಶಶಿರೇಖ.

ಅದಕ್ಕೂ ಅವನು ನಕ್ಕ. ಕೆನ್ನೆಗೆ ಗ್ರೀಸು ಮೆತ್ತಿತ್ತು. ಕೋಪ ಮಾಡಿಕೊಳ್ಳಲು ಕಷ್ಟವಾಗುವಂಥ ನಗು ಅದು. ಅದಕ್ಕೇ ಅವಳಿಗೆ ಇನ್ನಷ್ಟು ಕೋಪ ಬಂತು.

ಶಶಿರೇಖ ಬೇತಮಂಗಲದ ಸುತ್ತಿನ ಹಳ್ಳಿಗಳಲ್ಲಿ ದನಕರುಗಳಿಗೆ ಚಿಕಿತ್ಸೆ ಕೊಡುವವಳು. ಬಂಡೆಗುಡ್ಡಗಳ ನಡುವಿನ ಕಲ್ಲುದಾರಿಗೆ ಸ್ಕೂಟಿ ಸಾಲದೆಂದು ಹಳೇ ಫೋರ್ ವೀಲ್ ಜೀಪೊಂದನ್ನು ಕೊಂಡಿದ್ದಳು. ಎರಡು ತಿಂಗಳಿಂದ ಅದರ ಹಿಂಭಾಗ ಊಳಿಡುತ್ತಿತ್ತು. ವೇಗ ಹೆಚ್ಚಿದಂತೆ ಸದ್ದೂ ಏರುತ್ತಿತ್ತು. ಕೊಟ್ಟಿಗೆಯ ಹತ್ತಿರ ಹೋದರೆ ಕರುಗಳು ಹಗ್ಗ ಹರಿಯಲು ನೋಡುತ್ತಿದ್ದವು.

ಮೆಕ್ಯಾನಿಕ್ಕಿನ ಹೆಸರು ಮುನೀಂದ್ರ. ಅವನು ಜೀಪಿನಡಿ ತೂರಿ, ಹಿಂದಿನ ಚಕ್ರಗಳ ನಡುವೆ ಗೇರುಗಳನ್ನು ಹೊತ್ತು ಕುಂಬಳಕಾಯಿಯಂತೆ ಉಬ್ಬಿದ ಡಿಫರೆನ್ಷಿಯಲ್‌ನಿಂದ ಆಯಿಲ್ ಇಳಿಸಿದ. ಕಪ್ಪು ಎಣ್ಣೆಯಲ್ಲಿ ಹುಡಿಹುಡಿಯಾಗಿ ಏನೋ ಮಿನುಗಿತು.

"ಕೆಜಿಎಫ್‌ನಲ್ಲಿ ಸಿಕ್ತು ಅಂತ ಚಿನ್ನ ಅಂದ್ಕೋಬೇಡಿ," ಎಂದ. "ಬೇರಿಂಗ್ ಪುಡಿಯಾಗಿದೆ. ಗೇರಿನ ಹಲ್ಲೂ ಸವೆದಿದೆ. ಬಿಚ್ಚಿ ಎಲ್ಲ ಹೊಸದು ಕೂರಿಸ್ಬೇಕು. ಒಂದು ವಾರ ಬಿಡಿ."

ಒಂದು ವಾರ ಅವಳು ಹಾಲಿನ ವ್ಯಾನು, ಬಸ್ಸು, ಯಾರದೋ ಬೈಕಿನ ಹಿಂದಿನ ಸೀಟು ಎಂದು ಅಲೆದಳು. ಎರಡು ಸಲ ಫೋನ್ ಮಾಡಿದಳು. ಬರೇ ಜೀಪಿನ ವಿಷಯ ಕೇಳಲು ಎಂದು ತನಗೆ ತಾನೇ ಹೇಳಿಕೊಂಡಳು. ಅವನು ಪ್ರತಿ ಸಲವೂ "ಕರುಗಳು ಎಂಗವೆ?" ಎಂದು ಮೊದಲು ಕೇಳುತ್ತಿದ್ದ.

ಎಂಟನೇ ದಿನ ಜೀಪು ಬಂತು. ಬೇತಮಂಗಲದ ಕೆರೆ ಏರಿಯ ಮೇಲೆ ನಲವತ್ತರ ವೇಗದಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಳು. ಹಿಂದಿನಿಂದ ತೆಳ್ಳಗೆ, ಸೊಳ್ಳೆಯಂತೆ, ಸದ್ದು ಶುರುವಾಯಿತು.

ಮರುದಿನ ಗ್ಯಾರೇಜಿಗೆ ಬಂದವಳ ಮುಖ ಗಂಟಿಕ್ಕಿತ್ತು.

"ಸದ್ದು ಹೋಗಿಲ್ಲ."

"ನಾನೇ ಓಡಿಸಿ ನೋಡಿದೀನಲ್ಲ ಮೇಡಂ. ಎಲ್ಲೂ ಇಲ್ಲ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ? ಹತ್ತಿ. ಈಗಲೇ ನೋಡೋಣ."

ಅವನು ಸ್ಟಿಯರಿಂಗ್ ಹಿಡಿದ, ಅವಳು ಪಕ್ಕದಲ್ಲಿ ಕೂತಳು. ಬಂಗಾರಪೇಟೆ ರಸ್ತೆ ಹಿಡಿದು ಹೊರಟರು. ನಲವತ್ತಕ್ಕೆ ಸದ್ದು ಬಂತು. "ಇಗೋ, ಕೇಳಿ," ಎಂದಳು. ಅವನು ರಸ್ತೆ ನೋಡುತ್ತಲೇ ಇದ್ದ. "ಬಂತಲ್ಲ?" ಎಂದಳು. ಉತ್ತರವಿಲ್ಲ. ಗರ್ವವೆಂದರೆ ಇಷ್ಟಿರಬಾರದು ಎಂದುಕೊಂಡು ಕಿಟಕಿಯತ್ತ ತಿರುಗಿದಳು.

ರೈಲ್ವೆ ಗೇಟು ಹಾಕಿತ್ತು. ಇಂಜಿನ್ ನಿಲ್ಲಿಸಿ ಕಾದರು. ಅವಳು ಓರೆಗಣ್ಣಲ್ಲಿ ಅವನನ್ನು ನೋಡಿದಳು. ಉದ್ದ ರೆಪ್ಪೆ, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಪೆನ್ಸಿಲ್, ಸ್ಟಿಯರಿಂಗ್ ಮೇಲೆ ಸುಮ್ಮನೆ ತಾಳ ಹಾಕುತ್ತಿದ್ದ ಬೆರಳು. ಗರ್ವದ ಮನುಷ್ಯ ಹೀಗೆ ಕಾಣುವುದಿಲ್ಲ. ಥಟ್ಟನೆ ಏನೋ ಹೊಳೆಯಿತು. ಮೊದಲ ದಿನವೂ ತಾನು ನಿಂತಿದ್ದುದು ಎಡಗಡೆಯೇ.

ಮುಂದಕ್ಕೆ ನೋಡುತ್ತಲೇ ಮೆಲ್ಲಗೆ ಹೇಳಿದಳು: "ನಿಮ್ಮ ಗ್ಯಾರೇಜಿಗೆ ಎಮ್ಮೆ ನುಗ್ಗಿದೆ."

ಅವಳು ಏನೋ ಹೇಳಿದಳೆಂದು ಮಾತ್ರ ಅವನಿಗೆ ಅನ್ನಿಸಿರಬೇಕು. "ಹೂಂ ಹೂಂ, ಆಗ್ಲಿ ಮೇಡಂ," ಎಂದ.

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ.

ರೈಲು ಹೋಯಿತು, ಗೇಟು ತೆರೆಯಿತು. ಅವನು ಕೀಲಿಗೆ ಕೈ ಹಾಕುವಾಗ ಅವಳು ಅವನ ತೋಳು ಮುಟ್ಟಿ, ಅವನ ಮುಖ ತನ್ನತ್ತ ತಿರುಗುವಂತೆ ಮಾಡಿದಳು.

"ಎಷ್ಟು ದಿನದಿಂದ ಈ ಕಿವಿ ಕೇಳ್ತಿಲ್ಲ?"

ಹಿಂದಿನ ಆಟೋದವನು ಹಾರ್ನ್ ಬಾರಿಸಿದ. ಮುನೀಂದ್ರ ಗೇಟು ದಾಟಿಸಿ, ಹುಣಸೆಮರದ ನೆರಳಲ್ಲಿ ಜೀಪು ನಿಲ್ಲಿಸಿದ. ಕೀಲಿ ತಿರುಗಿಸಿ ಇಂಜಿನ್ ಆರಿಸಿದ.

"ನಾಲ್ಕು ವರ್ಷ," ಎಂದ ಆಮೇಲೆ. "ಬಲಗಡೇದು ಪರವಾಗಿಲ್ಲ. ಆದ್ರೆ ಸಣ್ಣ ಸದ್ದು ಅದಕ್ಕೂ ಸಿಗಲ್ಲ. ಮೇಡಂ, ಇದನ್ನ ಯಾರಿಗೂ ಏಳ್ಬೇಡಿ. ಕಿವಿ ಕೇಳದ ಮೆಕ್ಯಾನಿಕ್ ಅತ್ರ ಯಾರು ಗಾಡಿ ಬಿಡ್ತಾರೆ?"

"ನಾನು ಬಿಡ್ತೀನಿ."

ಅವನು ನಂಬದವನಂತೆ ನೋಡಿದ.

"ಭಾನುವಾರ ನಂಗೆ ರಜೆ," ಎಂದಳು. "ಇನ್ನೊಂದ್ಸಲ ಬಿಚ್ಚಿ. ಕೈ ನಿಮ್ದು, ಕಿವಿ ನಂದು."

ಭಾನುವಾರ ಬೆಳಿಗ್ಗೆಯೇ ಬಂದಳು. ಹಳೇ ಚೂಡಿದಾರ, ಬಿಗಿಯಾಗಿ ಕಟ್ಟಿದ ಜಡೆ. ಮುನೀಂದ್ರ ಗೇರುಗಳನ್ನು ಹೊರತೆಗೆದು ಕಟ್ಟೆಯ ಮೇಲಿಟ್ಟ. ತಟ್ಟೆಯಂಥ ದೊಡ್ಡದು ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಕ್ರೌನಿನ ಹಲ್ಲುಗಳಿಗೆ ನೀಲಿ ಬಣ್ಣ ಹಚ್ಚಲು ಅವಳ ಕೈಗೆ ಬ್ರಷ್ ಕೊಟ್ಟ.

"ತೆಳ್ಳಗೆ ಅಚ್ಚಿ. ಉಗುರಿಗೆ ಪಾಲಿಶ್ ಅಚ್ಚಿದಂಗೆ."

"ನಾನು ಉಗುರಿಗೆ ಹಚ್ಚಲ್ಲ. ಕೊಟ್ಟಿಗೇಲಿ ಯಾರಿಗೆ ತೋರಿಸ್ಲಿ?"

"ಕರುಗಳಿಗೆ," ಎಂದ. ತುಟಿಯಂಚಲ್ಲಿ ನಗುವಿತ್ತು. ಅವಳು ತಲೆ ಬಗ್ಗಿಸಿದಳು, ಕೆನ್ನೆ ಬೆಚ್ಚಗಾಯಿತು.

ಎಲ್ಲ ಕೂರಿಸಿ ತಿರುಗಿಸಿದಾಗ, ಹಲ್ಲಿಗೆ ಹಲ್ಲು ತಾಗಿದ ಕಡೆ ನೀಲಿ ಅಳಿಸಿ ಗುರುತು ಬಿತ್ತು. ಇಬ್ಬರೂ ಬಗ್ಗಿ ನೋಡಿದರು. ಅವಳ ಕೂದಲು ಅವನ ಭುಜ ಸೋಕಿತು. ಇಬ್ಬರೂ ಸರಿಯಲಿಲ್ಲ.

"ಗುರುತು ಹಲ್ಲಿನ ಬುಡಕ್ಕೆ ಬಿದ್ದಿದೆ ನೋಡಿ. ಪಿನಿಯನ್ ಜಾಸ್ತಿ ಒಳಕ್ಕೆ ಓಗಿದೆ. ನಡುಮಧ್ಯ ಬೀಳ್ಬೇಕು." ಅವನು ದನಿ ತಗ್ಗಿಸಿದ. "ಓದ್ಸಲಾನೂ ಇದು ಕಂಡಿತ್ತು ನಂಗೆ. ಸುಮಾರಾಗಿದೆ, ಸದ್ದು ಬಂದ್ರೆ ಕೇಳುತ್ತಲ್ಲ ಅಂತ ಬಿಟ್ಟೆ. ಕೇಳಿಸ್ಲಿಲ್ಲ. ತಪ್ಪು ನಂದೇ."

ಕಾಗದದಷ್ಟು ತೆಳುವಾದ ಉಕ್ಕಿನ ಬಳೆಯೊಂದನ್ನು ಪಿನಿಯನ್ನಿನ ಹಿಂದಿನಿಂದ ತೆಗೆದ. ಮತ್ತೆ ನೀಲಿ, ಮತ್ತೆ ಗುರುತು. ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಕೂರಿಸಿದ. ಮಧ್ಯಾಹ್ನ ಅವನ ತಾಯಿ ಮುನಿಗಂಗಮ್ಮ ಪಕ್ಕದ ಗಣಿ ಕಾರ್ಮಿಕರ ಲೈನ್ ಮನೆಯಿಂದ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ನೀಲಿ ಬೆರಳಿನ ಹುಡುಗಿಯನ್ನು ಒಮ್ಮೆ, ಮಗನ ಮುಖವನ್ನು ಒಮ್ಮೆ ನೋಡಿ, ಏನೂ ಕೇಳದೆ ಹೋದರು.

ನಾಲ್ಕೂವರೆಗೆ ಗುರುತು ಹಲ್ಲಿನ ನಡುವೆ ಅಕ್ಕಿಕಾಳಿನಂತೆ ಬಿತ್ತು.

ಅದೇ ಬಂಗಾರಪೇಟೆ ರಸ್ತೆ. ಈ ಸಲ ಅವಳು ಕಣ್ಣು ಮುಚ್ಚಿ ಕೂತಳು. ಮೂವತ್ತು, ನಲವತ್ತು, ಐವತ್ತು. ಅವನು ಕಾಲು ತೆಗೆದ. ಗಾಳಿಯ ಸದ್ದು, ಟೈರಿನ ಸದ್ದು. ಬೇರೇನೂ ಇಲ್ಲ. ಕಣ್ಣು ತೆರೆದಾಗ ಅವನು ರಸ್ತೆಗಿಂತ ಹೆಚ್ಚು ಅವಳನ್ನೇ ನೋಡುತ್ತಿದ್ದ. ಅವಳು ಎರಡೂ ಕೈ ಎತ್ತಿ, ಇಲ್ಲ ಎಂದು ಆಡಿಸಿದಳು.

ಅವನು ಜೋರಾಗಿ ನಕ್ಕ. ಅವಳೂ ನಕ್ಕಳು.

ಜೀಪು ಸರಿಯಾದ ಮೇಲೆ ಊರಿಗಾಂಗೆ ಬರಲು ಅವಳಿಗೆ ಕಾರಣವೇ ಉಳಿಯಲಿಲ್ಲ. ಹಳ್ಳಿಯಲ್ಲಿ ಕದಿರಪ್ಪ ಎಂಬ ರೈತ, "ನೀವು ಬಂದಿದ್ದೇ ಗೊತ್ತಾಗಲ್ಲ ಡಾಕ್ಟ್ರಮ್ಮ, ಮೊದ್ಲಾದ್ರೆ ಸದ್ದು ಕೇಳಿ ಹಸು ಕಟ್ಟಾಕ್ತಿದ್ದೆ" ಎಂದು ದೂರಿದ. ಅವಳಿಗೂ ಆ ಸದ್ದಿನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತ್ತು. ಮುನೀಂದ್ರ ಫೋನ್ ಮಾಡಲಿಲ್ಲ. ಅವಳು ಮಾಡಿದರೆ "ಕೆಲ್ಸ ಇದೆ ಮೇಡಂ" ಎಂದು ಇಟ್ಟುಬಿಡುತ್ತಿದ್ದ.

ಹನ್ನೆರಡನೆಯ ದಿನ ಕಾರಣವಿಲ್ಲದೆಯೇ ಬಂದಳು. ಜೀಪು ರಸ್ತೆಯಲ್ಲೇ ಬಿಟ್ಟು, ನಡೆದು ಹೋಗಿ ಅವನ ಬಲಗಡೆ ನಿಂತಳು.

"ಗಾಡಿಗೆ ಏನಾಯ್ತು?" ಎಂದ ಗಾಬರಿಯಿಂದ.

"ಗಾಡಿ ಚೆನ್ನಾಗಿದೆ. ನಿಮಗೇನಾಯ್ತು?"

ಅವನು ಸ್ಪ್ಯಾನರ್ ಕೆಳಗಿಟ್ಟ.

"ನಮ್ಮಪ್ಪ ಕೋದಂಡಪ್ಪ ನಂದಿದುರ್ಗ ಗಣೀಲಿ ಡ್ರಿಲ್ ಇಡೀತಿದ್ರು. ಗಣಿ ಮುಚ್ಚೋ ಒತ್ಗೆ ಎರಡು ಕಿವೀನೂ ಓಗಿತ್ತು. ಅದಾದ ಮೇಲೆ ಹದಿನಾಲ್ಕು ವರ್ಷ ಬದುಕಿದ್ರು. ನಮ್ಮಮ್ಮ ಅಷ್ಟೂ ವರ್ಷ ಗೋಡೆ ಜೊತೆ ಮಾತಾಡಿದಂಗೆ ಮಾತಾಡಿದ್ಳು. ಆಮೇಲೆ ಮಾತೇ ಬಿಟ್ಬಿಟ್ಳು. ನಂಗೂ ಇದು ಪೂರ್ತಿ ಓಗುತ್ತೆ. ನಿಮ್ಮನ್ನ ಕಂಡ್ರೆ ನಂಗೆ..." ಅವನು ತಡೆದ. "ಇಷ್ಟ. ಬಲು ಇಷ್ಟ. ಅದಕ್ಕೇ ಬೇಡ."

ಶಶಿರೇಖಳಿಗೆ, ಇಷ್ಟ ಎಂದಿದ್ದಕ್ಕೆ ಸಂತೋಷಪಡಬೇಕೋ ಬೇಡ ಎಂದಿದ್ದಕ್ಕೆ ಅಳಬೇಕೋ ತಿಳಿಯಲಿಲ್ಲ.

ಮಾತಾಡಿದವರು ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಮುನಿಗಂಗಮ್ಮ.

"ಯಾರ್ಲಾ ನಿಂಗೆ ಅಂಗಂತ ಏಳಿದ್ದು?"

ಮುನೀಂದ್ರ ತಿರುಗಿದ.

"ನಿಮ್ಮಪ್ಪಂಗೆ ಕಿವಿ ಓಗಿದ್ದಕ್ಕೆ ನಾನು ಮಾತು ಬಿಡ್ಲಿಲ್ಲ ಕಣ್ಲಾ. ಆವಪ್ಪ ಕೇಳುಸ್ತು ಅಂತ ನಟುಸ್ತಿದ್ದ. ಏನು ಏಳಿದ್ರೂ ಹೂಂ ಹೂಂ. ನಮ್ಮವ್ವ ಸತ್ತೋದ್ಳು ಅಂದ್ರೂ ಹೂಂ ಅಂತ ತಲೆ ಆಡಿಸ್ದ. ಕೇಳಿಸ್ಲಿಲ್ಲ ಗಂಗಿ, ಇನ್ನೊಂದ್ಸಲ ಏಳು ಅಂತ ಒಂದಿನ ಕೇಳಿದ್ರೆ ನೂರು ಸಲ ಏಳ್ತಿದ್ದೆ, ಕೈ ಮ್ಯಾಲೆ ಬರೆದು ತೋರುಸ್ತಿದ್ದೆ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಕಿವುಡನ ಜೊತೆ ಬಾಳಬೋದು ಕಣಮ್ಮ. ನಟಿಸೋನ ಜೊತೆ ಆಗಲ್ಲ. ಇವನೂ ನನ್ನ ಅತ್ರ ನಾಲ್ಕು ವರ್ಷದಿಂದ ನಟುಸ್ತಾವ್ನೆ. ನಂಗೇನು ಗೊತ್ತಿಲ್ವಾ?"

ಟೀ ಲೋಟಗಳನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದರು.

ಮುನೀಂದ್ರ ಕಲ್ಲಿನಂತೆ ನಿಂತಿದ್ದ. ಅವನ ಕಣ್ಣು ತುಂಬಿತ್ತು. ಶಶಿರೇಖ ಒಂದು ಲೋಟ ಅವನ ಕೈಗೆ ಕೊಟ್ಟಳು. ಇಬ್ಬರೂ ರಸ್ತೆ ಬದಿಯ ಕಲ್ಲುಬೆಂಚಿನ ಮೇಲೆ ಕೂತರು. ಅವನು ಅವಸರದಲ್ಲಿ ಬಂದು ಅವಳ ಬಲಕ್ಕೆ ಕೂತುಬಿಟ್ಟಿದ್ದ, ಅವಳು ಅವನ ಎಡಕ್ಕಿದ್ದಳು.

"ಕೋಲಾರದಲ್ಲಿ ಕಿವಿ ಡಾಕ್ಟ್ರು ಇದಾರೆ," ಎಂದಳು ಅವಳು, ಮುಖ ಅವನತ್ತ ತಿರುಗಿಸಿ, ಬಿಡಿಸಿ ಬಿಡಿಸಿ. "ಮಿಷನ್ ಹಾಕೋಬೋದು. ಗಿರಾಕಿಗಳಿಗೆ ಗೊತ್ತಾದ್ರೆ ಗೊತ್ತಾಗ್ಲಿ. ಭಾನುವಾರ ಭಾನುವಾರ ನಾನು ಗಾಡಿ ಓಡಿಸಿ ಕೇಳಿ ಹೇಳ್ತೀನಿ."

"ಭಾನುವಾರ ಮಾತ್ರಾನಾ?"

ಅವಳು ಲೋಟದಂಚಿನ ಮೇಲಿಂದ ಅವನನ್ನು ನೋಡಿದಳು.

ಅವನು ಟೀ ಕೆಳಗಿಟ್ಟ. ಕೈ ಪ್ಯಾಂಟಿಗೆ ಒರೆಸಿದ, ಮತ್ತೆ ಒರೆಸಿದ.

"ಶಶಿ," ಎಂದ. ಮೇಡಂ ಬಿಟ್ಟು ಕರೆದದ್ದು ಅದೇ ಮೊದಲು. "ನನ್ನ ಮದುವೆ ಆಗ್ತೀರಾ?"

ಅದೇ ಹೊತ್ತಿಗೆ ಬೇತಮಂಗಲದ ಬಸ್ಸು ಅವರ ಮುಂದೆಯೇ ಗೇರ್ ಬದಲಿಸಿಕೊಂಡು, ಧೂಳೆಬ್ಬಿಸುತ್ತಾ ಗುಡುಗಿ ಹೋಯಿತು. ಶಶಿರೇಖ ನಾಚಿ, ತಲೆ ತಗ್ಗಿಸಿ, ಆ ಸದ್ದಿನಲ್ಲೇ ಏನೋ ಹೇಳಿದಳು.

ಬಸ್ಸು ದೂರವಾಯಿತು. ಅವನ ತುಟಿಗೆ ಹೂಂ ಎಂಬುದು ಬಂದುಬಿಟ್ಟಿತ್ತು. ಅವನು ಅದನ್ನು ನುಂಗಿದ.

"ಕೇಳಿಸ್ಲಿಲ್ಲ," ಎಂದ. "ಇನ್ನೊಂದ್ಸಲ ಹೇಳಿ."

ಶಶಿರೇಖ ಎದ್ದಳು. ಅವನನ್ನು ಸುತ್ತಿ ಬಂದು ಬಲಗಡೆ ಕೂತು, ಅವನ ಕಿವಿಯ ಹತ್ತಿರಕ್ಕೆ ಬಗ್ಗಿ, ಮೆಲ್ಲಗೆ, ಇನ್ನೊಂದು ಸಲ ಹೇಳಿದಳು.