ವೆರಾನಿಯಾಳ ಬಾಯಿಯ ವಾಸನೆ

"ಮದ್ಯದ ವಾಸನೆ ಇದೆ" ಎಂದು ಸೆರ್ವಿಯಸ್ ಹೇಳಿದ್ದೇ ತಡ, ಅವನ ತಂಗಿಯ ಗಂಡ ಮುನಾಟಿಯಸ್ ಹೆಂಡತಿಯ ನಡುಪಟ್ಟಿಯಿಂದ ಬೀಗದ ಕೈಗಳನ್ನು ಕಿತ್ತುಕೊಂಡ. ರೋಮ್‌ನಲ್ಲಿ ಗಂಡನಾದವನು ಕೀಲಿ ಕಿತ್ತುಕೊಂಡರೆ ಮದುವೆ ಮುರಿದಂತೆಯೇ.

ಉಗ್ರಾಣದ ಹಳೆಯ ಮದ್ಯದ ಜಾಡಿಯೊಂದು ಅರ್ಧ ಖಾಲಿಯಾಗಿರುವುದು ಆ ಬೆಳಿಗ್ಗೆ ಕಣ್ಣಿಗೆ ಬಿದ್ದಿತ್ತು. ಬೀಗ ಮುರಿದಿರಲಿಲ್ಲ. ಆ ಮನೆತನದಲ್ಲಿ ಹೆಂಗಸರು ಮದ್ಯ ಮುಟ್ಟುವಂತಿಲ್ಲ; ಅನುಮಾನ ಬಂದರೆ ತವರಿನ ಗಂಡಸು ಮುತ್ತಿಟ್ಟು ಮೂಸಿ ನೋಡಬೇಕು. ಅಣ್ಣನಾಗಿ ಸೆರ್ವಿಯಸ್ ಮೂಸಿದ, ಇದ್ದದ್ದನ್ನು ಹೇಳಿದ. ಕೆಲಸದವರೆಲ್ಲ ನೋಡುತ್ತಿದ್ದಂತೆ ತಂಗಿ ವೆರಾನಿಯಾ ಸೆರಗನ್ನು ಎಡಗೆನ್ನೆಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದಳು. ಅತ್ತೆ ಪಕೋನಿಯಾ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು.

ನಾಚಿಕೆಯಿಂದ ಕುಗ್ಗಿಹೋದ ಸೆರ್ವಿಯಸ್ ನೆಟ್ಟಗೆ ದೊಡ್ಡಮ್ಮ ಅವಿಲ್ಲಿಯಾಳ ಮನೆಗೆ ಹೋದ. ನ್ಯಾಯಸ್ಥಾನದಲ್ಲಿ ಹೆಣ್ಣಿಗೆ ಬಾಯಿಲ್ಲದಿದ್ದರೂ ಆ ಬೀದಿಯಲ್ಲಿ ಯಾವ ಕಳವು, ಯಾವ ಜಗಳವಾದರೂ ಜನ ಮೊದಲು ಬರುತ್ತಿದ್ದುದು ಈ ವಿಧವೆಯ ಬಾಗಿಲಿಗೆ. ಅಂಥ ಎಷ್ಟೋ ಮನೆಗಳಿಗೆ ಅವಳ ಜೊತೆ ದೀಪ ಹಿಡಿದು ಹೋಗಿದ್ದವನು ಸೆರ್ವಿಯಸ್ಸೇ. ಇಂದು ಹೋಗಬೇಕಾದದ್ದು ತಂಗಿಯ ಮನೆಗೆ.

ಅವಿಲ್ಲಿಯಾ ಉಗ್ರಾಣದಲ್ಲಿ ಜಾಡಿಯೊಳಗೆ ದೀಪ ಇಳಿಸಿ ಅವನಿಗೂ ತೋರಿಸಿದಳು. ಒಳಗೋಡೆಯ ಮೇಲೆ ಮದ್ಯ ಇಳಿದಿಳಿದು ಒಣಗಿದ ಗೆರೆಗಳಿದ್ದವು, ಒಂದರ ಕೆಳಗೊಂದು. ಆಮೇಲೆ ಕೆಲಸದವಳನ್ನು ವಿಚಾರಿಸಿದಳು. ವೆರಾನಿಯಾ ದ್ರಾಕ್ಷಿ ಕೊಯ್ಲಿಗೆಂದು ಗಂಡನ ಜೊತೆ ತೋಟಕ್ಕೆ ಹೋಗಿ ಎರಡು ತಿಂಗಳು ಅಲ್ಲೇ ಇದ್ದವಳು, ಮರಳಿ ಇನ್ನೂ ವಾರವಾಗಿರಲಿಲ್ಲ; ಹೋಗುವಾಗ ಜಾಡಿ ತುಂಬಿತ್ತು, ಕೀಲಿಗಳೂ ಅವಳ ಜೊತೆಗೇ ಹೋಗಿದ್ದವು. ಕೊನೆಗೆ ಅವಿಲ್ಲಿಯಾ ವೆರಾನಿಯಾಳ ಸೆರಗು ಸರಿಸಿ ಕೆನ್ನೆ ನೋಡಿ, ಬಾಯಿ ತೆರೆಸಿ ಹಲ್ಲಿಗೂ ದೀಪ ಹಿಡಿದಳು.

ಎಲ್ಲರನ್ನೂ ಒಲೆಯ ಮುಂದೆ ಸೇರಿಸಿದ ಮೇಲೆಯೇ ಬಾಯಿ ಬಿಟ್ಟಳು.

"ಒಂದೇ ಸಲ ಕುಡಿದಿದ್ರೆ ಜಾಡಿ ಒಳಗೆ ಅಷ್ಟು ಗೆರೆ ಬೀಳ್ತಿರ್ಲಿಲ್ಲ. ತಿಂಗಳುಗಟ್ಟಲೆ ಚೂರು ಚೂರೇ ತೆಗೆದಿದಾರೆ. ಆಗ ಈ ಹುಡುಗಿ ಊರಲ್ಲೇ ಇರ್ಲಿಲ್ಲ. ಅಂದ್ರೆ ಆ ಬೀಗಕ್ಕೆ ಇನ್ನೊಂದು ಕೀಲಿ ಇದೆ. ಮುನಾಟಿಯಸ್, ಇವಳು ಬರೋಕೆ ಮುಂಚೆ ಉಗ್ರಾಣ ಯಾರ ಕೈಲಿತ್ತು?"

ಮುನಾಟಿಯಸ್‌ನ ಕಣ್ಣು ತಾಯಿಯತ್ತ ಹೊರಳಿತು.

"ಬಾಯಿ ವಾಸನೆಯೋ, ಅದು ಕುಡಿದಿದ್ದಲ್ಲ. ಹಲ್ಲುನೋವಿಗೆ ಮದ್ಯದಲ್ಲಿ ನೆನೆಸಿದ ಉಣ್ಣೆ ಇಟ್ಕೊಂಡಿದ್ಲು. ಕೆನ್ನೆ ಊದಿರೋದು ಕುರುಡರಿಗೂ ಕಾಣತ್ತೆ. ಇವಳ ಹತ್ರ ಕೀಲಿ ಇದ್ದಿದ್ದಕ್ಕೆ ನೀವ್ಯಾರೂ ಮುಂದಕ್ಕೆ ನೋಡ್ಲೇ ಇಲ್ಲ. ಬೆಳಿಗ್ಗೆ ಆ ಉಣ್ಣೆ ಕೊಟ್ಟೋರು ಯಾರು ಪಕೋನಿಯಾ?"

ಮುದುಕಿ ಎದೆಯ ಬಟ್ಟೆಯೊಳಗೆ ಕೈ ಹಾಕಿ ಒಂದು ಕೀಲಿಯನ್ನು ಹೊರತೆಗೆದಳು. ಗಂಡ ಸತ್ತಮೇಲೆ ತನಗೆ ನಿದ್ದೆಯೇ ಬರುತ್ತಿರಲಿಲ್ಲ ಎಂದಳು. ಸೊಸೆ ನೋವಿನಿಂದ ನರಳುವುದನ್ನು ನೋಡಲಾಗದೆ ಉಣ್ಣೆ ನೆನೆಸಿ ಕೊಟ್ಟದ್ದೂ ತಾನೇ. "ಮಗ ಅವಳ ಕೀಲಿ ಕಿತ್ಕೊಂಡಾಗ ಹೇಳ್ಬೇಕು ಅಂದ್ಕೊಂಡೆ. ನಾಲಿಗೇನೇ ಏಳ್ಲಿಲ್ಲ."

ಮುನಾಟಿಯಸ್ ತಾಯಿಯ ಮುಖ ನೋಡಲಾರದೆ ಹೆಂಡತಿಯತ್ತ ಕೀಲಿಗಳನ್ನು ಚಾಚಿದ. ವೆರಾನಿಯಾ ಕೈ ಮುಂದೆ ಮಾಡಲಿಲ್ಲ. ಅತ್ತೆಯ ಹೆಗಲ ಮೇಲೆ ಜಾರಿದ್ದ ಶಾಲನ್ನು ಸರಿಪಡಿಸಿ, ಹಲ್ಲು ವಾಸಿಯಾಗುವವರೆಗೆ ದೊಡ್ಡಮ್ಮನ ಮನೆಯಲ್ಲಿರುತ್ತೇನೆ, ಆಮೇಲಿನದು ಆಮೇಲೆ ನೋಡೋಣ ಎಂದಳು.

ಬಾಗಿಲಲ್ಲಿ ಸೆರ್ವಿಯಸ್ ತಡವರಿಸುತ್ತ ಕೇಳಿದ. "ನನಗಾದ್ರೂ ಹೇಳ್ಬಾರ್ದಿತ್ತೇನೇ?"

"ಅತ್ತೆ ಮಾನ ಎಲ್ರೆದುರಿಗೆ ಕಳೀಲಾ? ನೀನೊಬ್ನೇ ಕರೆದು ಕೇಳಿದ್ರೆ ಹೇಳ್ತಿದ್ದೆ ಅಣ್ಣ. ನೀನು ಮೂಸ್ದೆ, ಕೇಳ್ಲಿಲ್ಲ."

ಇಬ್ಬರು ಹೆಂಗಸರೂ ಬೀದಿಗಿಳಿದರು. ಸೆರ್ವಿಯಸ್ ಹಿಂದಿನಿಂದ ನಡೆದ. ತಂಗಿಯ ಪಕ್ಕಕ್ಕೆ ಹೋಗುವ ಧೈರ್ಯ ಅವನಿಗೆ ದಾರಿಯುದ್ದಕ್ಕೂ ಬರಲಿಲ್ಲ.