ಹತ್ತಡಿ ಹಿಂದಕ್ಕೆ

"ಗಾಡಿ ಲಿವರ್ ಮತ್ತೆ ಸಿಕ್ಕಿಹಾಕ್ಕೊಂಡಿದೆ, ಮೇಸ್ತ್ರಿ."

ಪಶುವೈದ್ಯರು ಪಿಕಪ್ ಇಳಿದು ಹೀಗೆಂದಾಗ ನಾನು ನನ್ನ ಗ್ಯಾರೇಜಿನಲ್ಲಿ ಒಂದು ಬಸ್ಸಿನ ಕೆಳಗೆ ಅಂಗಾತ ಮಲಗಿದ್ದೆ. ಕಂಡದ್ದು ಅವರ ಬೂಟು ಮಾತ್ರ. ಎಡಗಾಲಿನ ಲೇಸು ಎಂದಿನಂತೆ ಬಿಚ್ಚಿಕೊಂಡಿತ್ತು. ಅದನ್ನು ಕಂಡರೆ ನನ್ನ ಎದೆ ಯಾಕೆ ಹೊಡೆದುಕೊಳ್ಳಬೇಕು? ಹೊಡೆದುಕೊಂಡಿತು. ಅದಕ್ಕೇ ಸಿಟ್ಟು ಬಂತು.

"ಒಣ ಟಾರ್ ರೋಡಲ್ಲಿ ಮತ್ತೆ ಫೋರ್ ವೀಲ್ ಹಾಕಿದ್ರಾ?"

"ಮರೆತುಹೋಯ್ತು."

"ಹಸುಗಳಿಗೆ ಇಂಜೆಕ್ಷನ್ ಕೊಡೋದೂ ಹೀಗೇ ಮರೀತೀರಾ?"

"ಹಸುಗಳು ನಿಮ್ಮಷ್ಟು ಬೈಯಲ್ಲ. ಅಲ್ಲಿ ತಲೆ ಸರಿಯಾಗಿ ಓಡುತ್ತೆ."

ಮೊದಲ ಸಲ ಬಂದಾಗಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಾಡಿ ಬರೆದು ವಿವರಿಸಿದ್ದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಫೋರ್ ವೀಲ್ ಹಾಕಿ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಟ್ಟರೆ ಈ ಪಿಕಪ್‌ನಲ್ಲಿ ಮುಂದಿನವಕ್ಕೂ ಹಿಂದಿನವಕ್ಕೂ ಒಂದೇ ವೇಗ. ಕೆಸರಾದರೆ ಚಕ್ರ ಒಂದಿಷ್ಟು ಜಾರಿ ಸರಿಹೋಗುತ್ತದೆ, ಟಾರು ಜಾರಗೊಡುವುದಿಲ್ಲ. ಎಳೆತವೆಲ್ಲ ಒಳಗೇ ಸೇರಿ, ಫೋರ್ ವೀಲ್ ಹಾಕುವ ಲಿವರ್ ಬಿಗಿದು ಕೂರುತ್ತದೆ. ನೇರವಾಗಿ ಹತ್ತಡಿ ಹಿಂದಕ್ಕೆ ತೆಗೆದುಕೊಂಡರೆ ಸಾಕು, ಬಿಗಿ ಬಿಡುತ್ತದೆ. ಅವರ ಕೈಯಲ್ಲೇ ಮಾಡಿಸಿಯೂ ಇದ್ದೆ. ಆಮೇಲೂ ಏಳು ಸಲ ಬಂದರು. ಬಂದಾಗಲೆಲ್ಲ ಟೀ ಕುಡಿದು, ಹೊಸದಾಗಿ ಹುಟ್ಟಿದ ಕರುಗಳ ಸುದ್ದಿ ಹೇಳಿ ಹೋಗುತ್ತಿದ್ದರು.

ಆ ದಿನ ನಾನು ಬಸ್ಸಿನ ಕೆಳಗಿಂದ ಈಚೆ ಬಂದಾಗ ಗ್ಯಾರೇಜಿನಲ್ಲಿ ನಾಲ್ವರು ಬಸ್ ಡ್ರೈವರುಗಳಿದ್ದರು. ನನ್ನ ನಾಲಗೆಗೆ ಪ್ರೇಕ್ಷಕರು ಸಿಕ್ಕಿದರೆ ಲಂಗುಲಗಾಮು ಇರುವುದಿಲ್ಲ.

"ನಿಮಗೆ ಪಿಕಪ್ ಯಾಕೆ ಡಾಕ್ಟ್ರೇ? ಒಂದು ಸೈಕಲ್ ತಗೊಳ್ಳಿ. ಅದಕ್ಕೆ ಲಿವರೇ ಇರಲ್ಲ."

ಡ್ರೈವರುಗಳು ಬಿದ್ದು ಬಿದ್ದು ನಕ್ಕರು. ಡಾಕ್ಟರೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ಟೀ ಕುಡಿಯದೆ ಹೊರಟರು.

ಆಮೇಲೆ ಮೂರು ವಾರ ಸುಳಿವಿಲ್ಲ. ಡೀಸೆಲ್ ಗಾಡಿಯ ಸದ್ದಾದಾಗಲೆಲ್ಲ ನನ್ನ ಕತ್ತು ಗೇಟಿನತ್ತ ತಿರುಗುತ್ತಿತ್ತು. ಟೀಗೆ ಎರಡು ಲೋಟ ತೊಳೆದಿಟ್ಟು, ಒಂದನ್ನು ಹಾಗೆಯೇ ಕವುಚಿಡುತ್ತಿದ್ದೆ. ಅವರು ಬೇಕಾಗಿದ್ದರು, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಬರುತ್ತಿರಲಿಲ್ಲ.

ಹಳೆಯ ಬಸ್ ಸೀಟಿನ ಮೇಲೆ ಕೂತು ಬೋಲ್ಟು ವಿಂಗಡಿಸುತ್ತಿದ್ದ ಅಪ್ಪ ಒಮ್ಮೆ ಕೇಳಿದರು, "ಹತ್ತಡಿ ಹಿಂದೆ ಹೋದ್ರೆ ಸರಿಹೋಗೋದಕ್ಕೆ ಆ ಮನುಷ್ಯ ಹತ್ತು ಮೈಲಿ ಯಾಕೆ ಬರ್ತಿದ್ರು ಮಗಳೇ?"

"ದಡ್ಡರು, ಅದಕ್ಕೆ."

"ಇಬ್ಬರಲ್ಲಿ ಯಾರೋ ಒಬ್ಬರು ದಡ್ಡರು ಅನ್ನೋದು ನಿಜ," ಎಂದು ಅಪ್ಪ ಬೋಲ್ಟಿನ ಡಬ್ಬಿ ಕುಲುಕಿದರು.

ನಾಲ್ಕನೇ ವಾರ ಪಿಕಪ್ ಬಂತು. ಹಿಂದೆ ಟ್ರಂಕು, ಹಾಸಿಗೆ, ಪುಸ್ತಕದ ಪೆಟ್ಟಿಗೆ.

"ವರ್ಗ ಆಗಿದೆ. ದೂರದ ಊರು," ಎಂದರು ಡಾಕ್ಟರು. "ದಾರೀಲಿ ಕೈಕೊಡದ ಹಾಗೆ ಒಂದ್ಸಲ ನೋಡ್ತೀರಾ?"

ಸರಿ ಎಂದು ಗಾಡಿಯನ್ನು ಜಾಕ್ ಮೇಲೆ ಎತ್ತಿದೆ. ಮುಖ ಕಾಣದ ಹಾಗೆ ಕೆಳಗೆ ಸರಿದು, ಮುಂದಿನ ಟೈರಿನ ಅಂಚು ಸವರಿದೆ. ಟಾರಿನ ಮೇಲೆ ಅಷ್ಟು ಸಲ ಅಷ್ಟು ದೂರ ಫೋರ್ ವೀಲ್‌ನಲ್ಲಿ ಬಂದ ಗಾಡಿಯ ಟೈರು ಒರಟಾಗಿ ತಿಂದುಹೋಗಿರಬೇಕಿತ್ತು. ಇದು ಸಮವಾಗಿತ್ತು. ಇನ್ನೊಂದು ಬದಿಯದನ್ನೂ ನೋಡಿದೆ. ಅದೂ ಹಾಗೇ.

"ಡಾಕ್ಟ್ರೇ, ಫೋರ್ ವೀಲ್ ಎಲ್ಲಿ ಹಾಕ್ತಿದ್ರಿ?"

ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು.

"ನಿಮ್ಮ ಗೇಟಿಗೆ ಮುಂಚೆ ಎರಡು ತಿರುವು ಇದೆಯಲ್ಲ, ಅಲ್ಲಿ. ಬಿಗಿ ಆಗೋಕೆ ಅಷ್ಟು ಸಾಕಾಗ್ತಿತ್ತು." ಅವರ ಸ್ವರ ಇಳಿಯಿತು. "ನಿಮಗೆ ತೊಂದರೆ ಕೊಟ್ಟೆ. ತಪ್ಪಾಯ್ತು."

ಈಗ ಹೇಳಬೇಕಿತ್ತು. ನನ್ನ ಹಾಳು ನಾಲಗೆ ಆಗಲೇ ಕೈಕೊಟ್ಟಿತು. ಕೆಲಸ ಮುಗಿಸಿ, ಕೈ ಒರೆಸಿಕೊಂಡು, "ಗಾಡಿ ಚೆನ್ನಾಗಿದೆ" ಎಂದೆ. ಅಷ್ಟೇ ಎಂದೆ. ಡಾಕ್ಟರು ತಲೆಯಾಡಿಸಿ ಹತ್ತಿದರು. ಪಿಕಪ್ ಗೇಟು ದಾಟಿತು.

"ಇಬ್ಬರೂ ದಡ್ಡರೇ," ಎಂದರು ಅಪ್ಪ.

ಸ್ಪ್ಯಾನರ್ ಬಿಸಾಕಿ ಓಡಿದೆ.

"ಡಾಕ್ಟ್ರೇ! ಸೈಕಲ್ ಅಂದಿದ್ದು ತಪ್ಪು! ನೀವು ಬರ್ದೇ ಇದ್ರೆ ನನಗೆ ಆಗಲ್ಲ!"

ಬೀದಿಯವರೆಲ್ಲ ತಿರುಗಿ ನೋಡಿದರು. ಪಿಕಪ್ ನಿಂತಿತು. ಹಿಂದಿನ ಬಿಳಿ ದೀಪ ಹೊತ್ತಿತು. ನೇರವಾಗಿ, ಸ್ಟಿಯರಿಂಗ್ ಒಂಚೂರೂ ಅಲುಗಿಸದೆ, ನಾನು ಕಲಿಸಿದ ಹಾಗೆಯೇ ಹಿಂದಕ್ಕೆ ಬಂದು ನನ್ನ ಪಕ್ಕ ನಿಂತಿತು.

"ಇನ್ನೊಂದ್ಸಲ ಹೇಳಿ," ಎಂದರು ಡಾಕ್ಟರು. ಕಣ್ಣು ತುಂಬಿತ್ತು, ಕಿವಿ ಕೆಂಪಾಗಿತ್ತು.

ಹೇಳಿದೆ. ಈ ಸಲ ಮೆಲ್ಲಗೆ.

"ದೂರದ ಊರು, ಮೇಸ್ತ್ರಿ. ಹೋಗಲೇಬೇಕು."

"ಹೋಗಿ. ಲಿವರ್ ಸಿಕ್ಕಿಹಾಕ್ಕೊಂಡಾಗ ಬನ್ನಿ."

"ಪ್ರತಿ ಭಾನುವಾರ ಸಿಕ್ಕಿಹಾಕ್ಕೊಳ್ಳುತ್ತೆ ಅನ್ಸುತ್ತೆ."

ನಾನು ಒಳಗೆ ಹೋಗಿ ಕವುಚಿಟ್ಟಿದ್ದ ಲೋಟವನ್ನು ಮತ್ತೊಮ್ಮೆ ತೊಳೆದೆ. ಅವರು ಎಂಜಿನ್ ಆಫ್ ಮಾಡಿದರು.